ನವೋದ್ಯಮವೂ ಸ್ವಾರ್ಜಿತ ಬಂಡವಾಳವೂ

ಕನ್ನಡದಲ್ಲಿ ‘ಬಂಡವಾಳ’ ಎಂಬ ಮಾತಿಗೆ ಬಳಕೆಯಲ್ಲಿ ಎರಡು ಅರ್ಥಗಳುಂಟು. ವ್ಯಾಪಾರಕ್ಕೆ ಹೂಡುವ ಮೂಲಧನವೆಂಬುದು ಒಂದು. ‘ಅವನ ಬಂಡವಾಳ ಬಯಲಾಯಿತು’ ಎನ್ನುವಾಗ ಮನುಷ್ಯನ ಒಳಗೆ ನಿಜವಾಗಿ ಇರುವ ಸತ್ತ್ವವೆಷ್ಟು ಎಂಬುದು ಇನ್ನೊಂದು. ಒಂದೇ ಶಬ್ದದಲ್ಲಿ ಹಣವನ್ನೂ ಯೋಗ್ಯತೆಯನ್ನೂ ಕೂಡಿಸಿಟ್ಟ ನಮ್ಮ ಹಿರಿಯರ ವ್ಯವಹಾರಜ್ಞಾನ ಮೆಚ್ಚತಕ್ಕದ್ದು. ಇಂದು ಪತ್ರಿಕೆಗಳಲ್ಲಿ ದಿನವೂ ಬರುತ್ತಿರುವ ನವೋದ್ಯಮಗಳ ವಾರ್ತೆಗಳನ್ನು ಓದುವಾಗ, ಮೊದಲನೆಯ ಅರ್ಥವೊಂದೇ ಉಳಿದು ಎರಡನೆಯದು ಜನರ ನೆನಪಿನಿಂದ ಜಾರುತ್ತಿದೆಯೆಂದು ತೋರುತ್ತದೆ.

ವ್ಯಾಕರಣ ಛಂದಸ್ಸುಗಳನ್ನು ಬೋಧಿಸಿಕೊಂಡಿರುವ ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ವಾಚಕರು ಕೇಳಿದರೆ ಅದು ಸಹಜವೇ. ನಮ್ಮ ಪಾಠ ಕೇಳಿದ ಹುಡುಗರು ಈಗ ಉದ್ಯಮಗಳನ್ನು ಕಟ್ಟುತ್ತಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಮನೆಯ ಜಗಲಿಯ ಮೇಲೆ ಕುಳಿತು ತಮ್ಮ ಸುಖದುಃಖಗಳನ್ನು ಹೇಳುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಮಾವೇಶಗಳಲ್ಲಿ ‘ಇಂಥವನ ಕಂಪನಿಗೆ ಇಷ್ಟು ಕೋಟಿ ರೂಪಾಯಿ ಫಂಡಿಂಗ್ ಬಂದಿದೆ’ ಎಂದು ಧ್ವನಿವರ್ಧಕದಲ್ಲಿ ಸಾರಿದೊಡನೆ ಸಭೆಯಲ್ಲಿ ಚಪ್ಪಾಳೆ ಮೊಳಗುತ್ತದೆ. ‘ಇಂಥವನು ಹತ್ತು ವರ್ಷಗಳಿಂದ ಇಪ್ಪತ್ತು ಜನರಿಗೆ ತಿಂಗಳು ತಪ್ಪದೆ ಸಂಬಳ ಕೊಡುತ್ತಿದ್ದಾನೆ’ ಎಂದು ಸಾರಿದ್ದನ್ನು ಈ ಲೇಖಕನು ಕೇಳಿಲ್ಲ. ಪರರ ಹಣ ಕೈಸೇರಿದ್ದನ್ನೇ ಸಿದ್ಧಿಯೆಂದು ಕೊಂಡಾಡುವ ಈ ರೂಢಿಯು ತರುಣರ ಬುದ್ಧಿಯನ್ನು ದಾರಿ ತಪ್ಪಿಸುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಗ್ರಾಹಕನು ತನ್ನ ಕಿಸೆಯಿಂದ ತೆಗೆದುಕೊಡುವ ಹಣವನ್ನೇ ನೆಚ್ಚಿ, ಅದರ ಉಳಿತಾಯದಿಂದಲೇ ಬೆಳೆಯುವ ಉದ್ಯಮವೇ ಸಾಮಾನ್ಯ ಮನೆತನದ ನಮ್ಮ ಹುಡುಗರಿಗೆ ಹೆಚ್ಚು ಹೊಂದುವಂಥದು.

ಮೊದಲು ಶಬ್ದಗಳ ವಿಚಾರ. ಸ್ವಂತ ಗಳಿಕೆಯಿಂದ ಉದ್ಯಮ ಬೆಳೆಸುವುದಕ್ಕೆ ಇಂಗ್ಲಿಷಿನವರು ‘ಬೂಟ್‌ಸ್ಟ್ರ್ಯಾಪಿಂಗ್’ ಎನ್ನುತ್ತಾರೆ. ತನ್ನ ಬೂಟಿನ ಪಟ್ಟಿಗಳನ್ನು ತಾನೇ ಹಿಡಿದೆಳೆದು ಮೇಲಕ್ಕೇಳುವುದು ಎಂದು ಅದರ ವಾಚ್ಯಾರ್ಥ. ಹಾಗೆ ಯಾರೂ ಏಳಲಾರರು. ನಮ್ಮಲ್ಲಿ ‘ತನ್ನ ಕಾಲ ಮೇಲೆ ತಾನು ನಿಲ್ಲುವುದು’ ಎನ್ನುತ್ತೇವೆ, ಅದು ಸಾಧ್ಯವಾದ ಕಾರ್ಯ. ‘ವೆಂಚರ್ ಕ್ಯಾಪಿಟಲ್’ ಎಂಬುದನ್ನು ‘ಸಾಹಸ ಬಂಡವಾಳ’ ಎಂದು ಕನ್ನಡಿಸುವುದುಂಟು. ಅನುವಾದಕರಿಗೆ ತಿಳಿದಿತ್ತೋ ಇಲ್ಲವೋ, ಸ್ಮೃತಿಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ‘ಸಾಹಸ’ವೂ ಒಂದು, ಅಲ್ಲಿ ಅದಕ್ಕೆ ಬಲಾತ್ಕಾರದಿಂದ ಎಸಗಿದ ಅಪರಾಧವೆಂದು ಅರ್ಥ! ಅಷ್ಟು ದೂರ ಹೋಗುವುದು ಬೇಡ. ಆದರೆ ಸಾಹಸವು ಯಾರದು, ಅದರ ಫಲ ಯಾರದು, ನಷ್ಟ ಯಾರದು ಎಂಬ ಪ್ರಶ್ನೆಗಳನ್ನು ಕೇಳಲೇಬೇಕು.

ಪರರ ಹಣವು ಒಬ್ಬನ ಕೈಗೆ ನ್ಯಾಯವಾಗಿ ಬರುವ ಮಾರ್ಗಗಳು ಮೂರು: ದಾನ, ಸಾಲ ಮತ್ತು ಪಾಲು. ದಾನದ ಲಕ್ಷಣವನ್ನು ಈ ಸಂಪುಟದ ವಾಚಕರಾದ ದಾನಿಗಳಿಗೆ ವಿವರಿಸಹೊರಡುವುದು ಉದ್ಧಟತನವಾದೀತು. ಕೊಟ್ಟವರು ಅದನ್ನು ಮರಳಿ ಬಯಸುವುದಿಲ್ಲ ಎಂದಿಷ್ಟೇ ಸಾಕು. ಸಾಲಕ್ಕೆ ಅವಧಿಯೂ ಬಡ್ಡಿಯೂ ಉಂಟು, ತೀರಿಸದಿದ್ದರೆ ಮಾನವೂ ಹೋಗುತ್ತದೆ. ಆದರೆ ತೀರಿಸಿದ ದಿನ ಸಾಲಗಾರನು ಸ್ವತಂತ್ರ. ಗದುಗಿನ ವಿಜಯ ಸಂಕೇಶ್ವರರು ಮನೆತನದ ಮುದ್ರಣ ಮತ್ತು ಗ್ರಂಥಪ್ರಕಾಶನದ ಕಸುಬನ್ನು ಬಿಟ್ಟು 1976ರಲ್ಲಿ ಒಂದೇ ಒಂದು ಲಾರಿಯಿಂದ ಸರಕು ಸಾಗಾಟವನ್ನು ಆರಂಭಿಸಿದಾಗ ನಡೆದದ್ದು ಈ ಸಾಲದ ದಾರಿ. ಒಂದು ಲಾರಿಯ ದುಡಿಮೆಯಿಂದ ಇನ್ನೊಂದು, ಅದರಿಂದ ಮತ್ತೊಂದು. ಸಾರ್ವಜನಿಕರಿಗೆ ಷೇರು ನೀಡಿದ್ದು 2015ರಲ್ಲಿ, ಅಂದರೆ ಸುಮಾರು ನಾಲ್ಕು ದಶಕಗಳ ಮೇಲೆ. ಮೂರನೆಯದಾದ ಪಾಲಿನ ಸ್ವಭಾವವೇ ಬೇರೆ. ಅದನ್ನು ತೀರಿಸಬೇಕಾದ ಅವಧಿಯಿಲ್ಲ, ತಿಂಗಳ ಬಡ್ಡಿಯಿಲ್ಲ. ಆದುದರಿಂದ ತರುಣರಿಗೆ ಅದು ಸಾಲಕ್ಕಿಂತ ಹಗುರವೆಂದು ತೋರುತ್ತದೆ. ವಾಸ್ತವದಲ್ಲಿ ಅದು ತೀರದ ಋಣ. ಪಾಲು ಕೊಂಡವನು ಯಜಮಾನಿಕೆಯನ್ನು ಕೊಂಡಿದ್ದಾನೆ.

ಸಾಹಸ ಬಂಡವಾಳದ ಸಂಸ್ಥೆಗಳು ಹೇಗೆ ನಡೆಯುತ್ತವೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಇವರು ಹೂಡುವ ಹಣವೂ ಬಹುಪಾಲು ಇವರದಲ್ಲ. ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳ ನಿಧಿಗಳು, ಧನಿಕ ಮನೆತನಗಳು ಇವುಗಳಿಂದ ಸಾಮಾನ್ಯವಾಗಿ ಹತ್ತು ವರ್ಷಗಳ ಕರಾರಿನ ಮೇಲೆ ಹಣ ತಂದು, ಹತ್ತಾರು ಹೊಸ ಕಂಪನಿಗಳಲ್ಲಿ ಹಂಚಿ ಹೂಡುತ್ತಾರೆ. ಅವುಗಳಲ್ಲಿ ಹೆಚ್ಚಿನವು ಮುಳುಗುತ್ತವೆಂಬುದನ್ನು ಇವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಒಂದೆರಡು ಕಂಪನಿಗಳು ನೂರು ಪಟ್ಟು ಬೆಳೆದು ಉಳಿದೆಲ್ಲ ನಷ್ಟವನ್ನು ತುಂಬಿಕೊಟ್ಟರೆ ಅವರ ವ್ಯಾಪಾರ ಸಫಲ. ಹೂಡಿಕೆದಾರನ ದೃಷ್ಟಿಯಿಂದ ಇದು ಶುದ್ಧ ಗಣಿತ, ತಪ್ಪೇನೂ ಇಲ್ಲ. ಆದರೆ ಅವನಿಗೆ ಹತ್ತರಲ್ಲಿ ಒಂದಾದ ಕಂಪನಿ ಅದನ್ನು ಕಟ್ಟಿದವನಿಗೆ ಇರುವುದೊಂದೇ. ನಿಧಾನವಾಗಿ ಲಾಭ ಮಾಡುತ್ತ, ನಲವತ್ತು ಕುಟುಂಬಗಳಿಗೆ ಅನ್ನವಿಕ್ಕುವ ಸಂಸ್ಥೆ ಈ ಗಣಿತದಲ್ಲಿ ಸೋತ ಸಂಸ್ಥೆಯೇ ಸರಿ. ಆದುದರಿಂದ ‘ಬೆಳೆ, ಇಲ್ಲವೇ ಅಳಿ’ ಎಂಬ ಒತ್ತಡ ಮೊದಲ ಕಂತಿನೊಡನೆಯೇ ಒಳಬರುತ್ತದೆ.

ಪಾಲಿನ ಲೆಕ್ಕವನ್ನೂ ಮಾಡೋಣ. ಕಂಪನಿಯ ಬೆಲೆ 8 ಕೋಟಿ ಎಂದು ನಿಶ್ಚಯಿಸಿ ಹೂಡಿಕೆದಾರರು 2 ಕೋಟಿ ಕೊಟ್ಟರೆ, ಒಟ್ಟು 10 ಕೋಟಿಯಲ್ಲಿ ಐದರಲ್ಲೊಂದು ಪಾಲು ಅವರದಾಯಿತು. ಇದೇ ಪ್ರಮಾಣದಲ್ಲಿ ನಾಲ್ಕು ಸಲ ಹಣ ಎತ್ತಿದರೆ ಕಟ್ಟಿದವನ ಕೈಯಲ್ಲಿ ಉಳಿಯುವುದು ನೂರಕ್ಕೆ 41 ಪಾಲು ಮಾತ್ರ. ಇದಲ್ಲದೆ ಕಂಪನಿ ಮಾರಾಟವಾದಾಗ ತಮ್ಮ ಹಣವನ್ನು ಮೊದಲು ಹಿಂಪಡೆಯುವ ಹಕ್ಕನ್ನೂ, ಆಡಳಿತ ಮಂಡಳಿಯಲ್ಲಿ ಸ್ಥಾನವನ್ನೂ ಹೂಡಿಕೆದಾರರು ಕರಾರಿನಲ್ಲಿ ಬರೆಸಿಕೊಳ್ಳುವುದು ವಾಡಿಕೆ. ಸಂಧಿಕಾರ್ಯದಲ್ಲಿ ಪೂರ್ವಪದದ ಕೊನೆಯ ಸ್ವರ ಲೋಪವಾಗುವಂತೆ ಸ್ಥಾಪಕನೂ ಲೋಪವಾಗಿಬಿಡುವ ಸಂಭವವುಂಟು.

ಇದಕ್ಕೆ ಪ್ರತಿಯಾಗಿ ನಮ್ಮವರ ಹಳೆಯ ನಿದರ್ಶನವೊಂದನ್ನು ಎಲ್ಲರೂ ಬಲ್ಲರು. 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಹುಟ್ಟಿದಾಗ ಏಳು ಜನ ಗೆಳೆಯರ ಕೈಗೆ ಬಂದ ಮೂಲಧನ 10,000 ರೂಪಾಯಿ. ಅದು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರ ಉಳಿತಾಯದ ಹಣ. ಗಣಕಯಂತ್ರದ ಕಂಪನಿಗೆ ಸ್ವಂತ ಗಣಕಯಂತ್ರವಿರಲಿಲ್ಲ. ಅದನ್ನು ಆಮದು ಮಾಡಿಕೊಳ್ಳುವ ಪರವಾನಗಿಗಾಗಿ ದೆಹಲಿಗೆ ವರ್ಷಗಟ್ಟಲೆ ಅಲೆಯಬೇಕಾಯಿತು. ಆದುದರಿಂದ ಅಮೆರಿಕದ ಗ್ರಾಹಕರಲ್ಲಿಗೇ ಹೋಗಿ, ಅವರ ಯಂತ್ರದ ಮೇಲೆ ಅವರ ಕೆಲಸ ಮಾಡಿಕೊಟ್ಟು, ಬಂದ ಸಂಭಾವನೆಯಿಂದ ಸಂಸ್ಥೆಯನ್ನು ಬೆಳೆಸಿದರು. 1983ರಲ್ಲಿ ಬೆಂಗಳೂರಿಗೆ ಬಂದರು. 1990ರಲ್ಲಿ ಇಡೀ ಕಂಪನಿಯನ್ನು 10 ಲಕ್ಷ ಡಾಲರಿಗೆ ಮಾರುವ ಅವಕಾಶ ಒದಗಿ, ಮಾರುವ ಮಾತೂ ನಡೆಯಿತು. ಉಳಿದವರು ಹೊರಡುವುದಾದರೆ ಅವರ ಪಾಲನ್ನು ತಾವೇ ಕೊಳ್ಳುವುದಾಗಿ ನಾರಾಯಣ ಮೂರ್ತಿಯವರು ಹೇಳಿದ ಮೇಲೆ ಯಾರೂ ಹೊರಡಲಿಲ್ಲ. ಗಮನಿಸಬೇಕಾದ ಸಂಗತಿ ಏನೆಂದರೆ, ಆ ಕೋಣೆಯಲ್ಲಿ ಕುಳಿತು ತೀರ್ಮಾನಿಸಿದವರೆಲ್ಲ ಕಂಪನಿಯನ್ನು ಕಟ್ಟಿದವರೇ. ಹೊರಗಿನ ಪಾಲುದಾರನೊಬ್ಬ ಅಲ್ಲಿದ್ದಿದ್ದರೆ ತೀರ್ಮಾನ ಬೇರೆಯಾಗುವ ಸಂಭವವಿತ್ತು. ಸಾರ್ವಜನಿಕರಿಗೆ ಷೇರು ಕೊಟ್ಟದ್ದು 1993ರಲ್ಲಿ, ತಲಾ 95 ರೂಪಾಯಿಗೆ.

‘ಅದು ಆ ಕಾಲ, ಈಗ ಹಾಗೆ ಸಾಧ್ಯವಿಲ್ಲ’ ಎಂದು ತರುಣರು ಆಕ್ಷೇಪಿಸುವುದುಂಟು. ಅವರಿಗೆ ಉತ್ತರ ಬೆಂಗಳೂರಿನಲ್ಲಿಯೇ ಇದೆ. ಶಿವಮೊಗ್ಗದಲ್ಲಿ ಜನಿಸಿದ ನಿತಿನ್ ಕಾಮತ್ ಎಂಬುವರು ತಮ್ಮ ತಮ್ಮನಾದ ನಿಖಿಲ್ ಕಾಮತರೊಡನೆ 2010ರ ಆಗಸ್ಟ್ 15ರಂದು ಷೇರು ದಲ್ಲಾಳಿ ಸಂಸ್ಥೆಯೊಂದನ್ನು ತೆರೆದರು. ‘ಜೆರೋಧಾ’ ಎಂಬ ಅದರ ಹೆಸರು ಇಂಗ್ಲಿಷಿನ ‘ಜೀರೋ’ ಮತ್ತು ಸಂಸ್ಕೃತದ ‘ರೋಧ’ ಶಬ್ದಗಳು ಕೂಡಿ ಆದದ್ದು. ತಡೆಯಿಲ್ಲದ್ದು ಎಂದು ತಾತ್ಪರ್ಯ. ಕನ್ನಡಕ್ಕೂ ಸಂಸ್ಕೃತಕ್ಕೂ ಗಂಟು ಹಾಕಿದರೇ ಅರಿಸಮಾಸವೆಂದು ದೋಷ ಹೇಳಿದ ಕೇಶಿರಾಜನು ಈ ಸಮಾಸವನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ! ಸಮಾಸ ಹೇಗೇ ಇರಲಿ, ವ್ಯವಹಾರ ಮಾತ್ರ ನೇರವಾಗಿತ್ತು. ಆವರೆಗೆ ದಲ್ಲಾಳಿಗಳು ವಹಿವಾಟಿನ ಮೊತ್ತದ ಮೇಲೆ ಶೇಕಡಾವಾರು ದಲ್ಲಾಳಿ ಪಡೆಯುತ್ತಿದ್ದುದೇ ಹೆಚ್ಚು. ಮೊತ್ತ ದೊಡ್ಡದಾದಷ್ಟೂ ಅವರ ಪಾಲು ದೊಡ್ಡದು. ಒಂದು ಲಕ್ಷದ ವಹಿವಾಟಿಗೂ ಹತ್ತು ಲಕ್ಷದ ವಹಿವಾಟಿಗೂ ಯಂತ್ರಕ್ಕೆ ಬೀಳುವ ಶ್ರಮ ಒಂದೇ ಆಗಿರುವಾಗ ದಲ್ಲಾಳಿ ಮಾತ್ರ ಏಕೆ ಬೇರೆಯಾಗಬೇಕು? ಹೀಗೆಂದು ವಹಿವಾಟೊಂದಕ್ಕೆ 20 ರೂಪಾಯಿಯ ಮಿತಿಯನ್ನು ಇವರು ಇಟ್ಟರು. 2015ರಲ್ಲಿ, ಷೇರನ್ನು ಕೊಂಡು ಇಟ್ಟುಕೊಳ್ಳುವವರಿಗೆ ಆ ದಲ್ಲಾಳಿಯನ್ನೂ ಬಿಟ್ಟರು.

ಇಷ್ಟು ಅಗ್ಗದ ದರದಲ್ಲಿ, ಹೊರಗಿನ ಬಂಡವಾಳವಿಲ್ಲದೆ ನಡೆದದ್ದು ಹೇಗೆ? ಖರ್ಚಿನ ಕಡೆ ನೋಡಿದರೆ ಉತ್ತರ ಸಿಗುತ್ತದೆ. ಜಾಹೀರಾತಿಗೆ ಹಣ ಸುರಿಯಲಿಲ್ಲ. ಒಬ್ಬ ಗ್ರಾಹಕ ಇನ್ನೊಬ್ಬನಿಗೆ ಹೇಳಿದ್ದೇ ಪ್ರಚಾರ. ಊರೂರಿಗೆ ಕಚೇರಿ ತೆರೆಯದೆ ಅಂತರಜಾಲವನ್ನೇ ಅಂಗಡಿ ಮಾಡಿಕೊಂಡರು. ಮೊದಲು ಬೇರೆಯವರ ತಂತ್ರಾಂಶವನ್ನು ಬಳಸಿ, ಬಳಿಕ ಕೈಲಾಶ್ ನಾಧ್ ಅವರ ನೇತೃತ್ವದಲ್ಲಿ ಕೆಲವೇ ಹತ್ತು ಮಂದಿ ತಂತ್ರಜ್ಞರ ತಂಡ ಕಟ್ಟಿ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶಗಳ ಆಧಾರದ ಮೇಲೆ ತಮ್ಮದನ್ನು ತಾವೇ ರಚಿಸಿಕೊಂಡರು. ಆ ಋಣವನ್ನು ಮರೆಯಲಿಲ್ಲವೆಂಬುದೂ ಹೇಳಬೇಕಾದ ಮಾತು: ಮುಕ್ತ ತಂತ್ರಾಂಶ ರಚಿಸುವವರಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯೊಂದನ್ನು 2024ರಲ್ಲಿ ಸ್ಥಾಪಿಸಿದರು. ಷೇರುಪೇಟೆಯ ವಿಚಾರವನ್ನು ಪಾಠಗಳ ರೂಪದಲ್ಲಿ ಬರೆಯಿಸಿ ಶುಲ್ಕವಿಲ್ಲದೆ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಶಿಕ್ಷಕರಾದ ನಮಗೆ ಅದು ವಿಶೇಷವಾಗಿ ಹಿಡಿಸಿದ ಸಂಗತಿ. 2023-24ನೆಯ ಸಾಲಿನಲ್ಲಿ ಈ ಸಂಸ್ಥೆಯ ಆದಾಯ 8,320 ಕೋಟಿ, ಲಾಭ 4,700 ಕೋಟಿ ರೂಪಾಯಿ. ಪಾಲು ಮಾತ್ರ ಹೊರಗಿನ ಸಾಹಸ ಬಂಡವಾಳದವರಿಗೆ ಹೋಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾಗುತ್ತದೆ. ಷೇರುಪೇಟೆಯಲ್ಲಿ ‘ಫ್ಯೂಚರ್ಸ್ ಮತ್ತು ಆಪ್ಷನ್ಸ್’ ಎಂಬ, ಮುಂದಣ ಬೆಲೆಯ ಮೇಲೆ ಪಣ ಒಡ್ಡಿದಂಥ ವಹಿವಾಟೊಂದಿದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಅದರಲ್ಲಿ ತೊಡಗಿದ ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೀರಿತೆಂದೂ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಅಗ್ಗದ ದರದ ದಲ್ಲಾಳಿ ಸಂಸ್ಥೆಗಳ ಆದಾಯದ ದೊಡ್ಡ ಪಾಲು ಬಂದದ್ದು ಇಂಥ ವಹಿವಾಟಿನಿಂದಲೇ. ಆಡಿದವನು ಸೋಲಲಿ ಗೆಲ್ಲಲಿ, 20 ರೂಪಾಯಿ ಬರುತ್ತದೆ. ಸ್ವಂತ ಬಂಡವಾಳವೆಂಬುದು ಉದ್ಯಮಿಗೆ ಸ್ವಾತಂತ್ರ್ಯವನ್ನು ಕೊಡುತ್ತದೆಯೇ ಹೊರತು, ಆ ಸ್ವಾತಂತ್ರ್ಯದಿಂದ ಅವನು ಯಾವ ಸರಕನ್ನು ಮಾರುತ್ತಾನೆಂಬುದಕ್ಕೆ ಜಾಮೀನು ಕೊಡುವುದಿಲ್ಲ. ಆದರೆ ಒಂದು ಭೇದವುಂಟು. ಯಜಮಾನನು ತಾನೇ ಆಗಿದ್ದರೆ, ನಾಳೆ ‘ಈ ಆದಾಯ ನಮಗೆ ಬೇಡ’ ಎಂದು ಹೇಳುವ ಶಕ್ತಿಯಾದರೂ ಅವನಲ್ಲಿರುತ್ತದೆ. ಹೇಳದಿದ್ದರೆ ಅದರ ಹೊಣೆಯೂ ಅವನದೇ, ಹೂಡಿಕೆದಾರರ ಮೇಲೆ ಹೊರಿಸುವಂತಿಲ್ಲ.

ವಿದ್ಯೆಯನ್ನೇ ಸರಕಾಗಿಸಿಕೊಂಡ ಇನ್ನೊಂದು ಬೆಂಗಳೂರು ಕಂಪನಿಯ ಕಥೆ ಶಿಕ್ಷಕರಾದವರು ಓದಿ ಯೋಚಿಸತಕ್ಕದ್ದು. ಕೇರಳದ ಶಿಕ್ಷಕ ದಂಪತಿಗಳ ಮಗನಾದ ಬೈಜು ರವೀಂದ್ರನ್ ಅವರು ಪ್ರವೇಶ ಪರೀಕ್ಷೆಗಳಿಗೆ ಗಣಿತ ಹೇಳಿಕೊಡುತ್ತಿದ್ದರು. ಕೇಳುವವರ ಸಂಖ್ಯೆ ಬೆಳೆದು ಕ್ರೀಡಾಂಗಣಗಳಲ್ಲಿ ಪಾಠ ಮಾಡುವಂತಾಯಿತು. ಆಗ ಇದ್ದದ್ದು ವಿದ್ಯಾರ್ಥಿಗಳು ಕೊಟ್ಟ ಶುಲ್ಕ ಒಂದೇ. ಪಾಠ ಚೆನ್ನಾಗಿಲ್ಲದಿದ್ದರೆ ನಾಳೆ ಅವರು ಬರುತ್ತಿರಲಿಲ್ಲ. ಅದಕ್ಕಿಂತ ನಿಷ್ಠುರವಾದ ಪರೀಕ್ಷಕರುಂಟೆ? 2011ರಲ್ಲಿ ಕಂಪನಿಯಾಯಿತು, 2013ರಲ್ಲಿ ಹೊರಗಿನ ಹೂಡಿಕೆ ಬಂತು, ಅದರ ಹಿಂದೆ ಇನ್ನಷ್ಟು, ಮತ್ತಷ್ಟು. 2021ರಲ್ಲಿ 120 ಕೋಟಿ ಡಾಲರಿನ ಸಾಲ. ಒಂದರ ಮೇಲೊಂದು ಕಂಪನಿಗಳ ಖರೀದಿ. ಭಾರತದ ಕ್ರಿಕೆಟ್ ಆಟಗಾರರ ಅಂಗಿಯ ಮೇಲೆ ಹೆಸರು. 2022ರಲ್ಲಿ ಕಂಪನಿಯ ಬೆಲೆ 2,200 ಕೋಟಿ ಡಾಲರ್ ಎಂದು ಎಣಿಕೆಯಾಯಿತು. 2024ರ ಜುಲೈಯಲ್ಲಿ ಸುಮಾರು 158 ಕೋಟಿ ರೂಪಾಯಿ ಬಾಕಿಗಾಗಿ ಕ್ರಿಕೆಟ್ ಮಂಡಳಿಯು ಹೂಡಿದ ಅರ್ಜಿಯ ಮೇಲೆ ದಿವಾಳಿತನದ ಪ್ರಕ್ರಿಯೆ ಆರಂಭವಾಯಿತು. ಯಾರ ತಪ್ಪು ಎಷ್ಟು ಎಂಬ ನಿರ್ಣಯ ನ್ಯಾಯಾಲಯಗಳಿಗೆ ಸೇರಿದ್ದು. ನಮ್ಮ ಪ್ರಶ್ನೆ ಇಷ್ಟೇ: ಎದುರಿಗೆ ಕುಳಿತ ವಿದ್ಯಾರ್ಥಿಯ ಮುಖ ನೋಡಿ ಪಾಠದ ಗತಿಯನ್ನು ತಿದ್ದಿಕೊಳ್ಳುತ್ತಿದ್ದ ಅಧ್ಯಾಪಕನಿಗೆ, ಶುಲ್ಕವನ್ನು ಮೀರಿದ ಹಣ ಬಂದ ಮೇಲೆ ಆ ಮುಖ ಎಷ್ಟು ದೂರವಾಯಿತು?

ಎಲ್ಲ ಉದ್ಯಮಗಳೂ ಸ್ವಾರ್ಜಿತದಿಂದಲೇ ನಡೆಯಬೇಕೆಂಬ ಹಟ ನಮಗಿಲ್ಲ. 2007ರಲ್ಲಿ ಕೆಲವು ಲಕ್ಷ ರೂಪಾಯಿಗಳಿಂದ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಆರಂಭವಾದ ಫ್ಲಿಪ್‌ಕಾರ್ಟ್, ದೇಶದ ತುಂಬ ಉಗ್ರಾಣಗಳನ್ನು ಕಟ್ಟಬೇಕಾಗಿ ಬಂದಾಗ ಪರರ ಬಂಡವಾಳವನ್ನು ಆಶ್ರಯಿಸದೆ ಗತಿಯಿರಲಿಲ್ಲ. ಅದರ ಬಹುಪಾಲು 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪನಿಯ ವಶವಾಯಿತೆಂಬುದು ಆ ದಾರಿಯ ಗಮ್ಯವನ್ನೂ ತೋರಿಸುತ್ತದೆ. ಹೊಸ ಔಷಧವನ್ನು ಕಂಡುಹಿಡಿಯುವವನು, ಬಾಹ್ಯಾಕಾಶಕ್ಕೆ ರಾಕೆಟ್ ಹಾರಿಸುವವನು ಮೊದಲ ಗ್ರಾಹಕನನ್ನು ಕಾಣುವ ಮೊದಲೇ ವರ್ಷಗಟ್ಟಲೆ ವ್ಯಯ ಮಾಡಬೇಕು. ಅವನಿಗೆ ಸ್ವಾವಲಂಬನೆಯ ಉಪದೇಶ ಮಾಡುವುದು ನಿಷ್ಕರುಣೆ. ಆದರೆ ನಮ್ಮ ಶಾಲೆಯಿಂದ ಹೊರಬಿದ್ದವರಲ್ಲಿ ರಾಕೆಟ್ ಹಾರಿಸುವವರು ಎಷ್ಟು ಮಂದಿ? ಹೆಚ್ಚಿನವರು ಮಾಡುವುದು ತಂತ್ರಾಂಶ, ಆಹಾರಪದಾರ್ಥ, ಕೃಷಿ ಸಲಕರಣೆ, ಮುದ್ರಣ ಇಂಥವನ್ನೇ. ಇವುಗಳಲ್ಲಿ ಮೊದಲ ತಿಂಗಳಿನಿಂದಲೇ ಗ್ರಾಹಕನನ್ನು ಹಣ ಕೇಳುವ ಅವಕಾಶವಿದೆ.

ನನ್ನ ವಿದ್ಯಾರ್ಥಿಯೊಬ್ಬನ ವಿಚಾರ ಹೇಳುತ್ತೇನೆ. ಹೆಸರು ಬೇಡವೆಂದು ಅವನ ಅಪೇಕ್ಷೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಮರಳಿದವನು, ಮಾರುಕಟ್ಟೆ ಪ್ರಾಂಗಣದ ಅಡತಿ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡಬೇಕೆಂದು ಹೊರಟ. ಕೈಯಲ್ಲಿದ್ದದ್ದು ತನ್ನ ಉಳಿತಾಯ, ಜೊತೆಗೆ ಅವನ ಅವ್ವ ಪಿಗ್ಮಿಯಲ್ಲಿ ಕೂಡಿಸಿದ್ದ ಹಣ. (ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ತೊಡಗಿದ ಆ ಪಿಗ್ಮಿಯಿಂದ ಕನ್ನಡನಾಡಿನಲ್ಲಿ ಎಷ್ಟು ಅಂಗಡಿಗಳು ಎದ್ದವೋ, ಯಾರು ಲೆಕ್ಕವಿಟ್ಟಿದ್ದಾರೆ?) ಅವನು ಮೊದಲ ಆರು ತಿಂಗಳು ತಂತ್ರಾಂಶವನ್ನೇ ಬರೆಯಲಿಲ್ಲ. ಎರಡು ಅಂಗಡಿಗಳ ಲೆಕ್ಕವನ್ನು ಸಂಬಳಕ್ಕೆ ತಾನೇ ಬರೆದುಕೊಟ್ಟ. ತೂಕ, ಹಮಾಲಿ, ಮುಂಗಡ, ಹಿಂದಿನ ಬಾಕಿ ಇವನ್ನೆಲ್ಲ ಕೂಡಿಸಿ ಕಳೆದು ರೈತನ ಕೈಗೆ ಪಟ್ಟಿ ಕೊಡುವುದರಲ್ಲಿ ಎಲ್ಲಿ ತೊಡಕಾಗುತ್ತದೆಂಬುದು ಅವನಿಗೆ ತಿಳಿದದ್ದು ಹಾಗೆ. ತಿಳಿಯುವುದಕ್ಕೆ ಅವನೇ ಹಣ ತೆರಬೇಕಾಗಿದ್ದಲ್ಲಿ ಅವನಿಗೇ ಹಣ ಬಂತು. ಮೂರನೆಯ ವರ್ಷ ಬೆಂಗಳೂರಿನ ಹೂಡಿಕೆದಾರರೊಬ್ಬರು ಪಾಲು ಕೊಳ್ಳಲು ಮುಂದೆ ಬಂದರು. ಒಂದೇ ವರ್ಷದಲ್ಲಿ ಹತ್ತು ಜಿಲ್ಲೆಗಳಿಗೆ ಹಬ್ಬಬೇಕು, ಅಲ್ಲಿಯವರೆಗೆ ಅಂಗಡಿಗಳಿಂದ ಬಾಡಿಗೆ ಪಡೆಯಬಾರದು ಎಂಬುದು ಅವರ ಷರತ್ತು. ‘ಗುರುಗಳೇ, ಪುಕ್ಕಟೆ ಕೊಟ್ಟರೆ ಸಾವುಕಾರರು ಅದರ ತಪ್ಪು ಹೇಳುವುದಿಲ್ಲ, ರೊಕ್ಕ ಕೊಟ್ಟವರು ಮಾತ್ರ ಬೈಯುತ್ತಾರೆ’ ಎಂದು ನನ್ನೆದುರು ಹೇಳಿ ಅವನು ಆ ಹಣವನ್ನು ಒಲ್ಲೆನೆಂದ. ಬೈಗುಳವನ್ನು ಹೀಗೆ ಬೆಲೆಕಟ್ಟಿ ಕೊಳ್ಳುವ ವಿವೇಕ ಯಾವ ಪಠ್ಯದಲ್ಲಿತ್ತೋ ನಾನರಿಯೆ.

ಅವನ ಉದ್ಯಮ ಮುಳುಗುವಷ್ಟು ಸಂಕಟಕ್ಕೆ ಸಿಕ್ಕಿದ್ದು ಬಂಡವಾಳದ ಅಭಾವದಿಂದಲ್ಲ, ಬಾಕಿಯಿಂದ. ಅಂಗಡಿಗಳವರು ಸಂತೆಯ ಮರುದಿನ ಕೊಟ್ಟುಬಿಡುತ್ತಿದ್ದರು. ಒಂದು ದೊಡ್ಡ ಸಂಸ್ಥೆ ಮಾತ್ರ ಕೆಲಸ ಮಾಡಿಸಿಕೊಂಡು ಎಂಟು ತಿಂಗಳು ಬಿಲ್ಲನ್ನು ತಡೆಹಿಡಿಯಿತು. ಇಬ್ಬರು ಹುಡುಗರ ಸಂಬಳಕ್ಕಾಗಿ ಅವನು ಮನೆಯ ಬಂಗಾರವನ್ನು ಅಡವಿಟ್ಟ. ಗ್ರಾಹಕನ ಹಣವೇ ಬಂಡವಾಳವಾದವನಿಗೆ ಗ್ರಾಹಕನ ವಿಳಂಬವೇ ಮೃತ್ಯು. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ, ಬರೆಹದ ಕರಾರಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆ ವಿಧಿಸುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಕೂಡುವ ಚಕ್ರಬಡ್ಡಿ. ಅವನು ಆ ಬಡ್ಡಿಯನ್ನು ಕೇಳಲಿಲ್ಲ. ಕೇಳಿದರೆ ಮುಂದಿನ ವರ್ಷದ ಕೆಲಸ ತಪ್ಪುತ್ತದೆಂಬ ಅಂಜಿಕೆ.

ಈ ಸಂಪುಟವನ್ನು ಓದುವ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಸಕ್ಕರೆ ಕಾರ್ಖಾನೆ, ಸಹಕಾರಿ ಸಂಘ, ಆಸ್ಪತ್ರೆ, ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರು ಅನೇಕರಿದ್ದಾರೆ. ನಮ್ಮ ಹುಡುಗರ ಉದ್ಯಮಗಳಲ್ಲಿ ಪಾಲು ಕೊಳ್ಳಲು ಅವರು ಉತ್ಸುಕರಾಗಿರುವುದು ಸಂತೋಷವೇ. ಅದಕ್ಕೂ ಮೊದಲು ಅವರಿಂದ ಒಂದು ಕೆಲಸವನ್ನು ಕೊಂಡು, ಅದರ ಬೆಲೆಯನ್ನು ಹೇಳಿದ ದಿನ ಕೊಡುವವರಾಗಬೇಕು. ತಮ್ಮ ಸಂಸ್ಥೆಯ ಲೆಕ್ಕಿಗರ ಮೇಜಿನ ಖಾನೆಯಲ್ಲಿ ಸಣ್ಣ ಉದ್ಯಮಿಗಳ ಎಷ್ಟು ಬಿಲ್ಲುಗಳು ಸಹಿಗಾಗಿ ಕಾದಿವೆ ಎಂಬುದನ್ನು ಈ ವಾರವೇ ಒಮ್ಮೆ ತರಿಸಿ ನೋಡಬೇಕೆಂದು ಅವರಲ್ಲಿ ವಿನಂತಿ.